ಮೂರು ಸಾಲಿನಿಂದ ಶುರುಮಾಡಿ: ಪ್ರಾಚೀನ ಗ್ರೀಕ್ ದೇವಸ್ತುತಿಗಳನ್ನು ಓದುವ, ಹಾಡುವ, ಕನ್ನಡಕ್ಕೆ ತರುವ ಬಗೆ

ಇಲಿಯಡ್ ಕಾವ್ಯದ ಕವಿ ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ದೇವಸ್ತುತಿಗಳು 33. ಹೆರ್ಮೇಸನ ಮೇಲಿನದು 580 ಸಾಲು, ಅಪೊಲೊನದು 546, ದೇಮೇತೇರಳದು 495, ಅಫ್ರೊದೀತೆಯದು 293. ಹೊಸಬರು ಸಾಮಾನ್ಯವಾಗಿ ಇವುಗಳಲ್ಲಿ ಒಂದನ್ನು ಇಂಗ್ಲಿಷ್ ಅನುವಾದದಲ್ಲಿ ಹಿಡಿಯುತ್ತಾರೆ, ಐವತ್ತನೇ ಸಾಲಿನ ಹೊತ್ತಿಗೆ ಕೈಬಿಡುತ್ತಾರೆ. ಅಲ್ಲಿಂದ ಶುರುಮಾಡಬೇಡಿ. ದೇಮೇತೇರಳ ಮೇಲೆಯೇ ಇರುವ ಹದಿಮೂರನೆಯ ಸ್ತುತಿ ಮೂರೇ ಸಾಲು. ಕರೆ, ಹೊಗಳಿಕೆ, ಬೇಡಿಕೆ ಎಲ್ಲವೂ ಅದರಲ್ಲಿವೆ. ಅದನ್ನು ಬಾಯಿಪಾಠ ಮಾಡಿಕೊಂಡವರಿಗೆ ಉಳಿದ 32ರ ಬಾಗಿಲು ತೆರೆದ ಹಾಗೆ.

ಇನ್ನೊಂದು ಮಾತು. ಗ್ರೀಕ್ ಛಂದಸ್ಸು ಇಂಗ್ಲಿಷಿನವರಿಗೆ ಕಷ್ಟ. ಅವರ ಪದ್ಯ ನಡೆಯುವುದು ಒತ್ತಿನ ಮೇಲೆ, ಗ್ರೀಕ್ ಪದ್ಯ ನಡೆಯುವುದು ಗುರು-ಲಘುವಿನ ಮೇಲೆ. ಹೈಸ್ಕೂಲಿನಲ್ಲಿ ಕಂದಪದ್ಯಕ್ಕೆ ಪ್ರಸ್ತಾರ ಹಾಕಿದವರ ಕಿವಿಗೆ ಅರ್ಧ ಕೆಲಸ ಆಗಲೇ ಆಗಿದೆ. ಇಂಗ್ಲಿಷಿನ ದಾರಿ ಸುತ್ತಿಕೊಂಡು ಹೋದರೆ ಆ ಅನುಕೂಲ ಕೈತಪ್ಪುತ್ತದೆ.

ಮೊದಲು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ

ಗ್ರೀಕ್ ಅಕ್ಷರ ಕಲಿಯಲು ಒಂದು ವಾರ ಸಾಕು, ಕಲಿಯುವುದು ಒಳ್ಳೆಯದೇ. ಆದರೆ ಉಚ್ಚಾರಣೆಯ ಕೈಪ್ರತಿಗೆ ಕನ್ನಡ ಲಿಪಿಗಿಂತ ಹೊಂದುವ ಲಿಪಿ ಸಿಗುವುದು ಕಷ್ಟ. ಎಪ್ಸಿಲಾನ್ ನಮ್ಮ ಎ, ಏಟ ನಮ್ಮ ಏ. ಒಮಿಕ್ರಾನ್ ಒ, ಒಮೆಗ ಓ. ನಾಗರಿಯಲ್ಲಿ ಬರೆದರೆ ಈ ಹ್ರಸ್ವ-ದೀರ್ಘ ಕಲೆಸಿಹೋಗಿ ಛಂದಸ್ಸೇ ಕೆಡುತ್ತದೆ. ಥೀಟ, ಫೀ, ಖೀ ಎಂಬ ಮೂರು ಅಕ್ಷರಗಳು ಆ ಕಾಲದಲ್ಲಿ ಮಹಾಪ್ರಾಣಗಳೇ: ಥ, ಫ, ಖ. ಇಲ್ಲಿ ಫ ಎಂದರೆ 'ಫಲ'ದ ಫ, 'ಫೋನ್'ನ ಫ ಅಲ್ಲ. ನಮ್ಮಲ್ಲಿ ಇಲ್ಲದ ದನಿಗಳಲ್ಲಿ ಮುಖ್ಯವಾದದ್ದು ಉಪ್ಸಿಲಾನ್: ತುಟಿ ಉ ಹೇಳುವಂತೆ ಗುಂಡಗಿರಬೇಕು, ನಾಲಿಗೆ ಇ ಹೇಳುವಂತೆ ಮುಂದಿರಬೇಕು. ಬರಹದಲ್ಲಿ ಅದನ್ನು ಉ ಎಂದೇ ಬರೆದು ಮೇಲೊಂದು ಚುಕ್ಕಿ ಇಟ್ಟುಕೊಳ್ಳಿ.

ದೇಮೇತೇರ್ ಬೆಳೆಯ ದೇವಿ, ಪೆರ್ಸೆಫೊನೆ ಅವಳ ಮಗಳು. ಹದಿಮೂರನೆಯ ಸ್ತುತಿ ಹೀಗಿದೆ:

ದೇಮೇತ್ರ್ ಏಉಕೊಮೊನ್, ಸೆಮ್ನೇನ್ ಥೆಒನ್, ಅರ್ಖೊಮ್ ಅಎಯ್ದೆಯ್ನ್,
ಔತೇನ್ ಕಯ್ ಕೂರೇನ್, ಪೆರಿಕಲ್ಲೆಅ ಪೆರ್ಸೆಫೊನೆಯ್ಯನ್.
ಖಯ್ರೆ, ಥೆಆ, ಕಯ್ ತೇನ್ದೆ ಸಊ ಪೊಲಿನ್, ಅರ್ಖೆ ದ್ ಅಒಯ್ದೇಸ್.

ಪದಕ್ಕೆ ಪದ ಅರ್ಥ: ಒಳ್ಳೆಯ ಕೂದಲಿನ ದೇಮೇತೇರಳನ್ನು, ಪೂಜ್ಯ ದೇವಿಯನ್ನು, ಹಾಡತೊಡಗುತ್ತೇನೆ, ಅವಳನ್ನೂ ಅವಳ ಮಗಳನ್ನೂ, ಬಲು ಚೆಲುವೆ ಪೆರ್ಸೆಫೊನೆಯನ್ನು. ಸಂತೋಷಪಡು ದೇವಿ, ಈ ಊರನ್ನು ಕಾಪಾಡು, ಹಾಡನ್ನು ನಡೆಸು.

ಇಂಟರ್‌ನೆಟ್ಟಿನಲ್ಲಿ ಸಿಗುವ ಧ್ವನಿಮುದ್ರಿಕೆಗಳನ್ನು ಕೇಳುವಾಗ ಎಚ್ಚರ. ಅನೇಕರು ಇಂದಿನ ಗ್ರೀಕ್ ಉಚ್ಚಾರಣೆಯಲ್ಲಿ ಓದುತ್ತಾರೆ. ಅದರಲ್ಲಿ ಏಟ, ಉಪ್ಸಿಲಾನ್, ಎಯ್, ಒಯ್ ಎಲ್ಲವೂ ಇ ಆಗಿಬಿಟ್ಟಿವೆ, ಹ್ರಸ್ವ-ದೀರ್ಘದ ಭೇದ ಅಳಿದಿದೆ. ಆ ಭಾಷೆಗೆ ಅದು ಸರಿಯೇ. ಆದರೆ ಹಾಗೆ ಓದಿದರೆ ಗುರು-ಲಘು ಲೆಕ್ಕಕ್ಕೆ ಸಿಗುವುದಿಲ್ಲ. 'ಧೀಮಿತ್ರ' ಎಂದು ಶುರುವಾದರೆ ಆ ಮುದ್ರಿಕೆ ಈ ಕೆಲಸಕ್ಕೆ ಬಾರದು.

ಪ್ರಸ್ತಾರ ಹಾಕುವುದು

ಒಂದು ಸಾಲಿಗೆ ಆರು ಗಣ, ಗಣಕ್ಕೆ ನಾಲ್ಕು ಮಾತ್ರೆ. ಇಷ್ಟು ಕೇಳಿದರೆ ಕಂದದ ಗಣವೇ ನೆನಪಾಗುತ್ತದೆ. ಆದರೆ ನಾಲ್ಕು ಮಾತ್ರೆಯ ಗಣಕ್ಕೆ ನಮ್ಮಲ್ಲಿರುವ ಐದು ರೂಪಗಳಲ್ಲಿ ಇಲ್ಲಿ ಎರಡಕ್ಕೆ ಮಾತ್ರ ಅವಕಾಶ: – ∪ ∪ (ನಮ್ಮ ಭಗಣ) ಮತ್ತು – –. ಅಂದರೆ ಗಣ ಯಾವಾಗಲೂ ಗುರುವಿನಿಂದಲೇ ಶುರು. ಜಗಣ (∪ – ∪) ಬರಲೇ ಬಾರದು, ನಾಲ್ಕು ಲಘು ಬರಬಾರದು, ∪ ∪ – ಕೂಡ ಬರಬಾರದು. ಪ್ರಸ್ತಾರದಲ್ಲಿ ಇವುಗಳಲ್ಲಿ ಒಂದು ಕಂಡರೆ ತಪ್ಪಿರುವುದು ನಿಮ್ಮದು, ಕವಿಯದಲ್ಲ. ಐದನೇ ಗಣ ಬಹುಪಾಲು – ∪ ∪. ಆರನೆಯದಕ್ಕೆ ಎರಡೇ ಅಕ್ಷರ, ಕೊನೆಯದು ಲಘುವಾದರೂ ಗುರುವಿನ ಲೆಕ್ಕ.

ಮೊದಲ ಸಾಲನ್ನು ಒಡೆದರೆ:

ದೇಮೇ | ತ್ರೇಉಕೊ | ಮೊನ್‌ಸೆಮ್ | ನೇನ್‌ಥೆಒ | ನರ್ಖೊಮ | ಎಯ್ದೆಯ್ನ್

ಪದಗಳ ಗಡಿ ಎಲ್ಲಿ ಹೋಯಿತು ನೋಡಿ. 'ಥೆಒನ್' ಪದದ ಕೊನೆಯ ನ್ ಮುಂದಿನ 'ಅರ್ಖೊಮ್'ನ ಅಕಾರಕ್ಕೆ ಅಂಟಿ 'ನರ್' ಆಯಿತು. ಅದರಿಂದಾಗಿ 'ಒ' ಲಘುವಾಗಿ ಉಳಿಯಿತು. ಹೊಸಬರ ಪ್ರಸ್ತಾರ ಕೆಡುವುದು ಹೆಚ್ಚಾಗಿ ಇಲ್ಲೇ: ಪದ ಪದವನ್ನೂ ಬಿಡಿಯಾಗಿ ಓದಿ 'ಒನ್' ಎಂಬುದನ್ನು ಗುರು ಎಂದು ಎಣಿಸುತ್ತಾರೆ, ನಾಲ್ಕನೇ ಗಣಕ್ಕೆ ಒಂದು ಮಾತ್ರೆ ಹೆಚ್ಚುತ್ತದೆ. ಮೊದಲು ಇಡೀ ಸಾಲನ್ನು ಒಂದೇ ಉಸಿರಿನ ಪದ ಎಂಬಂತೆ ಕೂಡಿಸಿ ಬರೆಯಿರಿ, ಆಮೇಲೆ ಗೆರೆ ಎಳೆಯಿರಿ.

ಉಳಿದೆರಡು ಸಾಲು:

ಔತೇನ್ | ಕಯ್‌ಕೂ | ರೇನ್‌ಪೆರಿ | ಕಲ್ಲೆಅ | ಪೆರ್ಸೆಫೊ | ನೆಯ್ಯನ್
ಖಯ್ರೆಥೆ | ಆಕಯ್ | ತೇನ್ದೆಸ | ಊಪೊಲಿ | ನರ್ಖೆದ | ಒಯ್ದೇಸ್

ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಮ್ಮ ನಿಯಮ ಇಲ್ಲಿಯೂ ಹೌದು. ಪ್ರ, ತ್ರ, ಕ್ಲದಂಥ ಒತ್ತು ಬಂದಾಗ ಮಾತ್ರ ಕವಿ ಕೆಲವೊಮ್ಮೆ ಹಿಂದಿನದನ್ನು ಲಘುವಾಗಿ ಬಿಡುತ್ತಾನೆ. ಹಳಗನ್ನಡದ ಶಿಥಿಲದ್ವಿತ್ವ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ನಮ್ಮಲ್ಲಿ ಇಲ್ಲದ ಒಂದು ನಿಯಮವಿದೆ, ಅದನ್ನು ಕಲಿಯಲೇಬೇಕು. ಪದದ ಕೊನೆಯಲ್ಲಿ ದೀರ್ಘವೋ ಅಯ್, ಒಯ್ ಮುಂತಾದ ಸಂಧ್ಯಕ್ಷರವೋ ಇದ್ದು, ಮುಂದಿನ ಪದ ಸ್ವರದಿಂದ ಶುರುವಾದರೆ, ಆ ದೀರ್ಘ ಕುಗ್ಗಿ ಲಘುವಾಗಬಹುದು. ಹಲವು ಸ್ತುತಿಗಳು ಮುಗಿಯುವ ಸಿದ್ಧಸಾಲಿನಲ್ಲೇ ಇದರ ಪಾಠವಿದೆ:

ಔತರ್ ಎಗೋ ಕಯ್ ಸೆಯ್ಒ ಕಯ್ ಅಲ್ಲೇಸ್ ಮ್ನೇಸೊಮ್ ಅಒಯ್ದೇಸ್

'ನಾನಾದರೋ ನಿನ್ನನ್ನೂ ನೆನೆಯುವೆ, ಇನ್ನೊಂದು ಹಾಡನ್ನೂ ನೆನೆಯುವೆ' ಎಂದು ಅರ್ಥ. 'ಕಯ್' ಎರಡು ಸಲ ಬಂದಿದೆ. ಮೊದಲನೆಯದರ ಮುಂದೆ ಸಕಾರವಿದೆ, ಅದು ಗುರು. ಎರಡನೆಯದರ ಮುಂದೆ ಅಕಾರ, ಅದು ಲಘು. ಹಾಗೆ ಎಣಿಸಿದರೆ ಮಾತ್ರ 'ಸೆಯ್ಒಕಯ್' ಎಂಬುದು – ∪ ∪ ಆಗಿ ಗಣ ಕೂಡುತ್ತದೆ.

ಇನ್ನು ಯತಿ, ಅಂದರೆ ಸಾಲಿನ ನಡುವೆ ಪದ ಮುಗಿದು ಉಸಿರು ನಿಲ್ಲುವ ಜಾಗ. ನಮ್ಮ ಕವಿಗಳು ಯತಿಯನ್ನು ದಾಟುವುದನ್ನೇ ರೂಢಿ ಮಾಡಿಕೊಂಡವರು. ಗ್ರೀಕರು ಅದರಲ್ಲಿ ಬಿಗಿ. ಪದ ಮುಗಿಯಬೇಕಾದದ್ದು ಮೂರನೇ ಗಣದ ನಡುವೆ, ಗುರುವಾದ ಮೇಲೆ ಅಥವಾ ಅದರ ಮುಂದಿನ ಲಘುವಾದ ಮೇಲೆ. ನಮ್ಮ ಮೂರು ಸಾಲಿನಲ್ಲಿ 'ಏಉಕೊಮೊನ್', 'ಕೂರೇನ್', 'ತೇನ್ದೆ' ಆದ ಮೇಲೆ ಯತಿ ಬಿದ್ದಿದೆ. ಮೂರು ಗಣ ಮುಗಿದ ಕಡೆ ಸರಿಯಾಗಿ ನಿಲ್ಲಿಸಬೇಡಿ, ಸಾಲು ಎರಡು ತುಂಡಾಗಿ ಎಳೆದಾಟದ ಹಾಡಾಗುತ್ತದೆ. ಪ್ರಾಸವನ್ನು ಹುಡುಕಬೇಡಿ, ಇಲ್ಲ.

ದನಿ ಏರಿಳಿಸುವುದು

ಗ್ರೀಕ್ ಪದದ ಮೇಲೆ ಕಾಣುವ ಗೆರೆಗಳು ಒತ್ತಿ ಹೇಳುವ ಗುರುತಲ್ಲ, ಸ್ವರ ಏರಿಸುವ ಗುರುತು. ವೇದದ ಉದಾತ್ತ ಕೇಳಿದವರಿಗೆ ಕಲ್ಪನೆ ಸುಲಭ. ಎಷ್ಟು ಏರಿಸಬೇಕು ಎಂಬುದಕ್ಕೂ ಹಳೆಯ ಸಾಕ್ಷಿಯಿದೆ: ಕ್ರಿ.ಪೂ. ಮೊದಲ ಶತಮಾನದ ಹಾಲಿಕಾರ್ನಾಸಸ್ಸಿನ ಡಯೊನೀಸಿಯಸ್ ಎಂಬ ಗ್ರೀಕ್ ವಿದ್ವಾಂಸ ಮಾತಿನ ಏರಿಳಿತ ಹೆಚ್ಚೆಂದರೆ ಸುಮಾರು ಒಂದು ಪಂಚಮದಷ್ಟು ಎನ್ನುತ್ತಾನೆ. ಅಂದರೆ ಷಡ್ಜದಿಂದ ಪಂಚಮದವರೆಗೆ. ಮೂರು ಬಗೆ: ಬಲಕ್ಕೆ ಏರುವ ಗೆರೆ ಇದ್ದರೆ ಏರಿಸಿ; ಕೊಂಕುಗೆರೆ ಇದ್ದರೆ ಒಂದೇ ದೀರ್ಘದೊಳಗೆ ಏರಿಸಿ ಇಳಿಸಿ ('ಖಯ್ರೆ'ಯ 'ಖಯ್' ಹೀಗೆ); ಇಳಿಗೆರೆ ಇದ್ದರೆ ಏರಿಸದೆ ಸಾಗಿ ('ಸೆಮ್ನೇನ್'ನ 'ನೇನ್').

ಎಡವುವ ಜಾಗ ಒಂದೇ: ಏರುಸ್ವರವಿದ್ದ ಕಡೆ ಗುರು ಇರಲೇಬೇಕೆಂದೇನೂ ಇಲ್ಲ. 'ಏಉಕೊಮೊನ್'ನಲ್ಲಿ ದನಿ ಏರುವುದು 'ಉ' ಮೇಲೆ, ಅದು ಲಘು. ಏರಿಸುವ ಭರದಲ್ಲಿ ಎಳೆದು 'ಊ' ಮಾಡಿದಿರೋ, ಗಣ ಕೆಟ್ಟಿತು. ಇದಕ್ಕೆ ಮದ್ದು ಎರಡು ಹಂತದ ಅಭ್ಯಾಸ. ಮೊದಲ ಎರಡು ಮೂರು ದಿನ ಒಂದೇ ಶ್ರುತಿಯಲ್ಲಿ, ಗುರುವಿಗೆ ಎರಡು ಎಣಿಕೆ ಲಘುವಿಗೆ ಒಂದು ಎಣಿಕೆ ಎಂದು ಬೆರಳು ಮಡಚುತ್ತ ಹೇಳಿ. ಮಾತ್ರೆ ಕೂತ ಮೇಲೆ ಸ್ವರ ಸೇರಿಸಿ. ಎರಡನ್ನೂ ಒಟ್ಟಿಗೆ ಕಲಿಯಹೊರಟವರು ಎರಡನ್ನೂ ತಪ್ಪಾಗಿ ಕಲಿಯುತ್ತಾರೆ.

ಹೋಮರನ ಹೆಸರಿನ ಸ್ತುತಿಗಳಿಗೆ ರಾಗ ಉಳಿದಿಲ್ಲ. ನಿಜವಾದ ಸ್ವರಲಿಪಿ ಬೇಕಿದ್ದರೆ ಅಪೊಲೊನ ಕ್ಷೇತ್ರವಾದ ದೆಲ್ಫಿಗೆ ಹೋಗಬೇಕು. ಅಲ್ಲಿ ಅಥೆನ್ಸಿನವರ ಖಜಾನೆಯ ಗೋಡೆಯ ಮೇಲೆ ಕೆತ್ತಿದ್ದ ಅಪೊಲೊನ ಎರಡು ಸ್ತುತಿಗಳು 1893ರಲ್ಲಿ ತುಂಡುತುಂಡಾಗಿ ಸಿಕ್ಕವು. ಸಾಹಿತ್ಯದ ಸಾಲಿನ ಮೇಲೆ ಚಿಕ್ಕ ಅಕ್ಷರಗಳಲ್ಲಿ ಸ್ವರ ಬರೆದಿದೆ, ನಮ್ಮ ಸಂಗೀತ ಪುಸ್ತಕಗಳಂತೆಯೇ. ಒಂದು ದೀರ್ಘ ಎರಡು ಸ್ವರಕ್ಕೆ ಒಡೆದರೆ ಸಾಹಿತ್ಯದ ಆ ದೀರ್ಘವನ್ನೇ ಎರಡು ಸಲ ಕೆತ್ತಿದ್ದಾರೆ: 'ಫೊಯ್ಬೊನ್' ಎಂಬುದು 'ಫೊಯೊಯ್ಬೊನ್' ಆಗಿದೆ. ಇದನ್ನು ಕೆತ್ತಿದವನ ತಪ್ಪೆಂದು ತಿದ್ದಬೇಡಿ. ಈ ಸ್ತುತಿಗಳ ನಡೆ ಬಹುಪಾಲು ಐದು ಮಾತ್ರೆಯದು, – ∪ – ಮತ್ತು ಅದರ ಒಡೆದ ರೂಪಗಳು. ಖಂಡ ನಡೆಯಲ್ಲಿ 'ತಕತಕಿಟ' ಹೇಳಿ ರೂಢಿಯಾದವರು ಆ ಎಣಿಕೆ ಇಟ್ಟುಕೊಂಡೇ ಸಾಹಿತ್ಯ ಹೇಳಬಹುದು. ನಾಲ್ಕರ ತಾಳಕ್ಕೆ ಹೊಂದಿಸಿ ಹಾಡಿದ ಮುದ್ರಿಕೆ ಸಿಕ್ಕರೆ ಬಿಟ್ಟುಬಿಡಿ.

ಸ್ತುತಿಯ ಮೈಕಟ್ಟು

ಮೂರು ಅಂಗ. ಮೊದಲು ಕರೆ: ಯಾರು, ಯಾವ ವಿಶೇಷಣ, ಯಾರ ಮಗ, ಎಲ್ಲಿಯವನು. ನಡುವೆ ಹೊಗಳಿಕೆ: ದೇವರ ಹುಟ್ಟು, ಸಾಹಸ, ಶಕ್ತಿಯ ಕಥೆ. ಕೊನೆಗೆ 'ಖಯ್ರೆ' ಎಂಬ ಬೀಳ್ಕೊಡುಗೆ ಮತ್ತು ಬೇಡಿಕೆ. ಉದ್ದದ ಸ್ತುತಿ ಎಂದರೆ ನಡುವಿನ ಅಂಗ ಹಿಗ್ಗಿದ್ದು, ಅಷ್ಟೆ. ದೇಮೇತೇರಳ 495 ಸಾಲಿನ ಸ್ತುತಿಯ ಮೊದಲ ಸಾಲು ನಾವು ಕಲಿತ ಮೂರು ಸಾಲಿನ ಮೊದಲ ಸಾಲೇ. ನಡುವೆ ಮಗಳ ಅಪಹರಣ, ತಾಯಿಯ ಅಲೆದಾಟ, ಎಲ್ಯೂಸಿಸ್ ಎಂಬ ಊರಿನಲ್ಲಿ ಅವಳು ದ್ರಾಕ್ಷಾರಸ ಒಲ್ಲೆನೆಂದು ಬಾರ್ಲಿ ಹಿಟ್ಟು, ನೀರು, ಪುದೀನ ಜಾತಿಯ ಎಲೆ ಬೆರೆಸಿದ ಪೇಯ ಕೇಳುವುದು ಎಲ್ಲ ಆಗಿ, ಕೊನೆಗೆ 'ಹಾಡಿಗೆ ಬದಲಾಗಿ ಮನಸ್ಸಿಗೆ ಹಿತವಾದ ಬಾಳು ಕೊಡಿ' ಎಂದು ಮುಗಿಯುತ್ತದೆ. ಬೇಡಿಕೆ ಮುಚ್ಚುಮರೆಯಿಲ್ಲದ್ದು. (ಈ ಸ್ತುತಿ ಉಳಿದಿರುವುದು 1777ರಲ್ಲಿ ಮಾಸ್ಕೊದಲ್ಲಿ ಸಿಕ್ಕ ಒಂದೇ ಹಸ್ತಪ್ರತಿಯಿಂದ, ಅದು ಈಗ ಲೈಡನ್‌ನಲ್ಲಿದೆ. ಅದರ ಒಂದು ಹಾಳೆ ಹರಿದಿರುವುದರಿಂದ ಕೊನೆಯ ಭಾಗದಲ್ಲಿ ಚೌಕ ಆವರಣಗಳು ಕಾಣುತ್ತವೆ. ಅವು ಸಂಪಾದಕರು ಊಹಿಸಿ ತುಂಬಿದ ಪದಗಳು.)

ಹೋಮರನ ಸ್ತುತಿ ಎಂದರೆ ಹೋಮರನೇ ಕಟ್ಟಿದ್ದು ಎಂದಲ್ಲ, ಅವನ ಛಂದಸ್ಸು ಮತ್ತು ಭಾಷೆಯಲ್ಲಿರುವುದು ಎಂದರ್ಥ. ಇತಿಹಾಸಕಾರ ಥ್ಯೂಸಿಡೈಡೀಸ್ ಅಪೊಲೊನ ಸ್ತುತಿಯ ಸಾಲುಗಳನ್ನು ಹೋಮರನದೆಂದೇ ಎತ್ತಿ ಹೇಳಿದ್ದಾನೆ, ಅದನ್ನು ಕರೆದಿರುವುದು 'ಪ್ರೊಓಯ್ಮಿಒನ್' ಎಂದು. ಹಾಡಿಗೆ ಮುಂಚಿನ ಹಾಡು, ಒಂದು ಬಗೆಯ ಪೀಠಿಕೆ. 'ಇನ್ನೊಂದು ಹಾಡನ್ನೂ ನೆನೆಯುವೆ' ಎಂಬ ಮುಕ್ತಾಯದ ಅರ್ಥ ಈಗ ಆದೀತು. ದೇವರ ಪದ್ಯ ಮುಗಿದ ಮೇಲೆ ದೊಡ್ಡ ಕಥೆ ಶುರು. ನಮ್ಮ ಕಾವ್ಯಗಳ ಪೀಠಿಕಾ ಸಂಧಿಯ ದೇವತಾಸ್ತುತಿ ಮಾಡುವ ಕೆಲಸವೇ ಇದು.

ಪುರಾಣದ ಹಾಡುಗಾರ ಒರ್ಫೇಯುಸನ ಹೆಸರಿನ 87 ಸ್ತುತಿಗಳದು ಬೇರೆಯೇ ದಾರಿ. ಅವುಗಳಲ್ಲಿ ಕಥೆ ಇಲ್ಲ, ವಿಶೇಷಣದ ಮೇಲೆ ವಿಶೇಷಣ. ಅಷ್ಟೋತ್ತರ ಕೇಳಿ ಬೆಳೆದವರಿಗೆ ಅದು ಮನೆಯ ದನಿ, ಕಥೆ ನಿರೀಕ್ಷಿಸಿದವರಿಗೆ ಬೇಸರ. ಬಹುತೇಕ ಎಲ್ಲ ಸ್ತುತಿಗಳ ತಲೆಬರಹದ ಜೊತೆಗೆ ಯಾವ ಧೂಪ ಎಂದೂ ಬರೆದಿದೆ: ಜ್ಯೂಸನಿಗೆ ಸ್ತೊರಾಕ್ಸ್ ಎಂಬ ಅಂಟು, ಹೆರ್ಮೇಸನಿಗೆ ಲಿಬನೊಸ್ (ಇಂಗ್ಲಿಷಿನ ಫ್ರಾಂಕಿನ್ಸೆನ್ಸ್), ಅಪೊಲೊನಿಗೆ ಅದರ ಪುಡಿ, ನಿದ್ರೆಗೆ ಗಸಗಸೆ ಸೇರಿದ್ದು, ರಾತ್ರಿಗೆ ಪಂಜು, ಭೂಮಿಗೆ ಅವರೆಯ ಬಳಗದ ಕಾಳು ಮತ್ತು ಸುಗಂಧದ್ರವ್ಯ ಬಿಟ್ಟು ಯಾವ ಬೀಜವಾದರೂ ಸರಿ. ಹಾಗೆ ಧೂಪ ಹಾಕಿ ಹಾಡಬೇಕೆನ್ನುವವರು ಅಂಗಡಿಯ ಸಾಂಬ್ರಾಣಿಯನ್ನು ಲಿಬನೊಸ್ ಎಂದುಕೊಂಡು ತರುತ್ತಾರೆ. ನಮ್ಮಲ್ಲಿ ಆ ಹೆಸರಿನಲ್ಲಿ ಸಿಗುವುದು ಸಾಮಾನ್ಯವಾಗಿ ಆಗ್ನೇಯ ಏಷ್ಯಾದ ಬೇರೊಂದು ಮರದ ಅಂಟು. ಲಿಬನೊಸ್ ಅರೇಬಿಯದ ಕಡೆಯದು. ನಮ್ಮ 'ಲೋಬಾನ' ಪದ ಅದರ ನೆಂಟನೇ, ಆದರೆ ಪೊಟ್ಟಣದೊಳಗಿನ ವಸ್ತು ಅಲ್ಲ.

ನಿಲ್ಲುವ ಭಂಗಿಯೂ ಬೇರೆ. ಗ್ರೀಕರು ಕೈ ಮುಗಿಯುತ್ತಿರಲಿಲ್ಲ. ನಿಂತು, ಎರಡೂ ಕೈ ಎತ್ತಿ, ಅಂಗೈಯನ್ನು ದೇವರ ಕಡೆಗೆ ತೆರೆಯುತ್ತಿದ್ದರು. ಪಾತಾಳದ ದೇವತೆಗಳನ್ನು ಕರೆಯುವಾಗ ನೆಲವನ್ನು ಕೈಯಿಂದ ಬಡಿಯುವುದು ಇಲಿಯಡ್‌ನಲ್ಲೇ ಇದೆ.

ಕನ್ನಡಕ್ಕೆ ತರುವಾಗ

ದೇವರ ಹೆಸರನ್ನು ಮುಟ್ಟಬೇಡಿ. ಬಿ.ಎಂ.ಶ್ರೀ. ಅವರು ಸೋಫೊಕ್ಲೀಸನ ನಾಟಕದ ವೀರನನ್ನು ಅಶ್ವತ್ಥಾಮನನ್ನಾಗಿ ಮಾಡಿದರು. ಅದು ನಾಟಕ, ಕಥೆಯನ್ನೇ ಹೊಸದಾಗಿ ಕಟ್ಟಿದ್ದು. ಸ್ತುತಿಯಲ್ಲಿ ಹೆಸರೇ ಬಂಡವಾಳ. ದೇಮೇತೇರಳನ್ನು ಭೂದೇವಿ ಎಂದರೆ ಮಗಳು ಸೀತೆಯಾಗಬೇಕಾಗುತ್ತದೆ, ಆಮೇಲೆ ಕಥೆ ನಿಮ್ಮ ಮಾತು ಕೇಳುವುದಿಲ್ಲ. ಹಳೆಯ ಇಂಗ್ಲಿಷ್ ಅನುವಾದಗಳಿಂದ ನುಸುಳುವ ಸೆರೆಸ್, ಜುಪಿಟರ್, ವೀನಸ್ ಎಂಬ ರೋಮನ್ ಹೆಸರುಗಳನ್ನೂ ತೆಗೆದುಹಾಕಿ. ಜ್ಯೂಸ್, ಅಪೊಲೊ ನಮ್ಮ ಬಾಯಿಗೆ ಕೂತುಬಿಟ್ಟಿವೆ, ಇರಲಿ.

'ಏಉಕೊಮೊಸ್' ಪದವನ್ನು ಒಡೆದರೆ ಒಳ್ಳೆಯ + ಕೂದಲು. ಸಂಸ್ಕೃತದ 'ಸುಕೇಶಿ' ಪದಕ್ಕೆ ಪದ ಸರಿ. ಆ 'ಸು'ವಿಗೂ ಗ್ರೀಕಿನ 'ಎಉ'ವಿಗೂ ಮೂಲ ಒಂದೇ. ಆದರೂ ಕನ್ನಡದಲ್ಲಿ 'ಸುಕೇಶಿ' ಯಾರದೋ ಹೆಸರಿನಂತೆ ಕೇಳುತ್ತದೆ. 'ಸೊಂಪಿನ ಮುಡಿ' ಮೇಲು. 'ಖಯ್ರೆ' ಪದಕ್ಕೆ 'ನಮಸ್ಕಾರ', 'ಜಯ ಜಯ' ಎಂದು ಹಾಕುವುದು ಎಲ್ಲರೂ ಮಾಡುವ ತಪ್ಪು. ಆ ಪದದ ಮೂಲಾರ್ಥ 'ಸಂತೋಷಪಡು'. ಹಾಡು ಕೇಳಿ ದೇವರು ಖುಷಿಯಾಗಬೇಕು, ಖುಷಿಯಾದರೆ ಕೊಡುತ್ತಾನೆ. ಇಡೀ ಸ್ತುತಿ ನಿಂತಿರುವುದು ಆ ಒಂದು ಪದದ ಮೇಲೆ.

ವಾಕ್ಯದ ತೊಡಕು ಇನ್ನೊಂದು. ಗ್ರೀಕ್ ಸ್ತುತಿ ಹೆಸರು ಹೇಳಿದ ಕೂಡಲೇ 'ಯಾರು...' ಎಂದು ಸರಪಳಿ ಹಾಕಿ ಹತ್ತು ಸಾಲು ಎಳೆಯುತ್ತದೆ. 'ಯಾವಳು ಬೆಳೆ ಕೊಡುವಳೋ ಅವಳು' ಎಂದು ಕನ್ನಡಿಸಿದರೆ ಓದುಗ ಓಡಿಹೋಗುತ್ತಾನೆ. ಒಂದೆರಡು ಗುಣಗಳಿದ್ದರೆ 'ಬೆಳೆ ಕೊಡುವ, ಋತು ತರುವ' ಎಂದು ಹೆಸರಿಗೆ ಮುಂಚೆ ಇಡಿ. ಹೆಚ್ಚಿದ್ದರೆ ವಾಕ್ಯ ಮುರಿದು 'ಅವಳೇ...' ಎಂದು ಹೊಸದಾಗಿ ಎತ್ತಿಕೊಳ್ಳಿ.

ಛಂದಸ್ಸನ್ನೂ ತರಬೇಕೆಂದರೆ ಆರು ಗಣ, 24 ಮಾತ್ರೆ ಇಟ್ಟುಕೊಂಡು, ನಾಲ್ಕು ಮಾತ್ರೆಯ ಎಲ್ಲ ರೂಪಗಳಿಗೂ ಅವಕಾಶ ಕೊಡಿ. ಬರೀ ಭಗಣದಲ್ಲಿ ಕಟ್ಟಹೊರಟರೆ 'ಮಗಳು', 'ತೊಡಗು' ಮುಂತಾದ ಲಘು ತುಂಬಿದ ಪದಗಳನ್ನೆಲ್ಲ ಕೈಬಿಡಬೇಕಾಗುತ್ತದೆ. ನಮ್ಮ ಮೂರು ಸಾಲು ಹೀಗೆ ಬರಬಹುದು:

ಸೊಂಪಿನ | ಮುಡಿಯಳ | ದೇಮೇ | ತೇರಳ | ಹಾಡಿಗೆ | ತೊಡಗುವೆ,
ಅವಳದು | ಮಗಳದು | ಕಡುಚೆಲು | ವಿನ ಪೆರ್ | ಸೆಫೊನೇ | ಯಳದೂ.
ನಲಿ ದೇ | ವೀ, ಈ | ಊರನು | ಸಲಹೌ, | ಹಾಡಿಗೆ | ಮೊದಲಿಡು.

ಇದರಲ್ಲಿ ಒಂದು ನಷ್ಟವಿದೆ: 'ಪೂಜ್ಯ ದೇವಿ' ಎಂಬ ಎರಡು ಪದ ಬಿದ್ದುಹೋದವು. ಗ್ರೀಕಿನಲ್ಲಿ ವಿಭಕ್ತಿ ಪದದೊಳಗೇ ಅಡಗಿರುತ್ತದೆ, ನಮ್ಮ 'ಅಳ', 'ಅನು', 'ಇಗೆ' ಒಂದೊಂದೂ ಮಾತ್ರೆ ತಿನ್ನುತ್ತವೆ. ಎರಡು ದಾರಿಯಿದೆ: ಸಾಲಿಗೆ ಏಳು ಗಣ ಮಾಡುವುದು, ಇಲ್ಲವೇ ಮೂರು ಸಾಲನ್ನು ನಾಲ್ಕಕ್ಕೆ ಹರಡುವುದು. ಏಳು ಗಣದ ಸಾಲಿಗೆ ಉಸಿರು ಸಾಲದೆ ನಡುವೆ ಕುಸಿಯುತ್ತದೆ. ಚಿಕ್ಕ ಸ್ತುತಿಗೆ ನಾಲ್ಕು ಸಾಲಿನ ದಾರಿ ವಾಸಿ. ಉದ್ದದ್ದಕ್ಕೆ ಅದೂ ಆಗದು, 495 ಸಾಲು 660 ಆಗುತ್ತದೆ. ಅಲ್ಲಿ ಯಾವ ವಿಶೇಷಣ ಬಿಡಬಹುದು ಎಂದು ಸಾಲುಸಾಲಿಗೂ ಕೂತು ನಿರ್ಧರಿಸಬೇಕು. ಸಿದ್ಧಸಾಲುಗಳಲ್ಲಿ ಮತ್ತೆ ಮತ್ತೆ ಬರುವ ವಿಶೇಷಣವನ್ನು ಎರಡನೇ ಸಲ ಬಿಡಿ, ಮೊದಲ ಸಲ ಬಿಡಬೇಡಿ.

ಮೂರು ಸಾಲು ಕೈವಶವಾದ ಮೇಲೆ ಮುಂದಿನದು ಏಳನೆಯ ಸ್ತುತಿ, ದ್ರಾಕ್ಷಾರಸದ ದೇವರಾದ ದಿಯೊನೀಸೊಸನದು. 59 ಸಾಲು. ಕಡಲ್ಗಳ್ಳರು ದೇವರನ್ನೇ ಹಿಡಿದು ಹಡಗಿನಲ್ಲಿ ಕಟ್ಟಲು ಹೋಗುತ್ತಾರೆ, ಕಟ್ಟಿದ ಹಗ್ಗಗಳು ತಾವಾಗಿ ಕಳಚಿ ಬೀಳುತ್ತವೆ, ಹಾಯಿಯ ಮೇಲೆ ದ್ರಾಕ್ಷಿ ಬಳ್ಳಿ ಹಬ್ಬುತ್ತದೆ. ದಿನಕ್ಕೆ ಮೂರು ಸಾಲು ಪ್ರಸ್ತಾರ ಹಾಕುತ್ತ ಹೋದರೆ ಇಪ್ಪತ್ತು ದಿನದ ಕೆಲಸ.